ಹುಮಾಯೂನ್ ಸಮಾಧಿ: ಒಂದೇ ಆವರಣದಲ್ಲಿ 150ಕ್ಕೂ ಹೆಚ್ಚು ಮೊಘಲರ ಗೋರಿ, ದಾರಾ ಶಿಕೋ ಎಲ್ಲಿದ್ದಾನೆ?

ಬೆಂಗಳೂರಿನಿಂದ ರಾಜಧಾನಿ ಎಕ್ಸ್‌ಪ್ರೆಸ್ ಹತ್ತಿದವರು ದೆಹಲಿಯಲ್ಲಿ ಇಳಿಯುವುದು ಹಜ್ರತ್ ನಿಜಾಮುದ್ದೀನ್ ನಿಲ್ದಾಣದಲ್ಲಿ. ಹುಮಾಯೂನ್ ಸಮಾಧಿ ಅಲ್ಲಿಗೆ ತೀರಾ ಹತ್ತಿರ. ಹೆಚ್ಚಿನ ಪ್ರವಾಸಿಗರು ಗುಮ್ಮಟದ ಮುಂದೆ ಒಂದು ಸೆಲ್ಫಿ ತೆಗೆದುಕೊಂಡು ಹೊರಟುಬಿಡುತ್ತಾರೆ. ಆದರೆ ಇದು ಒಬ್ಬ ಬಾದಶಹನ ಸಮಾಧಿ ಮಾತ್ರವಲ್ಲ, ಇಡೀ ವಂಶದ ಖಬರಸ್ತಾನ. ಯುನೆಸ್ಕೊ ಪ್ರಕಾರ ಮೊಘಲ್ ಕುಟುಂಬದ 150ಕ್ಕೂ ಹೆಚ್ಚು ಮಂದಿಯನ್ನು ಇಲ್ಲಿ ಹೂಳಲಾಗಿದೆ. ಹಾಗಾಗಿಯೇ ಇದಕ್ಕೆ 'ಮೊಘಲರ ಶಯನಾಗಾರ' ಎಂಬ ಹೆಸರು. 1993ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕಟ್ಟಿಸಿದವರು ಯಾರು?

ಹುಮಾಯೂನ್ ಮೃತಪಟ್ಟಿದ್ದು 1556ರ ಜನವರಿಯಲ್ಲಿ, ಪುರಾನಾ ಕಿಲಾದ ಗ್ರಂಥಾಲಯದ ಮೆಟ್ಟಿಲಿನಿಂದ ಬಿದ್ದು. ಸುಮಾರು ಒಂಬತ್ತು ವರ್ಷಗಳ ಬಳಿಕ ಪತ್ನಿ ಬೇಗಾ ಬೇಗಂ ಈ ಸಮಾಧಿಯ ಕೆಲಸ ಆರಂಭಿಸಿದಳು. ವಿನ್ಯಾಸ ಪರ್ಷಿಯನ್ ವಾಸ್ತುಶಿಲ್ಪಿ ಮೀರಕ್ ಮಿರ್ಜಾ ಗಿಯಾಸ್‌ನದು. ಕೆಂಪು ಮರಳುಗಲ್ಲಿನ ಕಟ್ಟಡ, ಅದರ ಮೇಲೆ ಅಮೃತಶಿಲೆ ಹೊದಿಸಿದ 42.5 ಮೀಟರ್ ಎತ್ತರದ ಜೋಡಿ ಗುಮ್ಮಟ, ಸುತ್ತ ನೀರಿನ ಕಾಲುವೆಗಳು ನಾಲ್ಕು ಭಾಗ ಮಾಡಿದ ಚಾರ್‌ಬಾಗ್ ಉದ್ಯಾನ. ತಾಜ್ ಮಹಲ್‌ಗೆ ದಾರಿ ತೋರಿಸಿದ್ದು ಇದೇ ಕಟ್ಟಡ.

ಜೋಡಿ ಗುಮ್ಮಟ ಎಂದರೆ ಹೊರಗೊಂದು, ಒಳಗೊಂದು, ನಡುವೆ ಖಾಲಿ ಜಾಗ. ದೂರದಿಂದ ನೋಡುವವರಿಗೆ ಎತ್ತರ ಬೇಕು, ಒಳಗೆ ನಿಂತವರಿಗೆ ಚಾವಣಿ ತೀರಾ ಮೇಲೆ ಹೋಗಿ ಕೋಣೆ ಬಾವಿಯಂತೆ ಕಾಣಬಾರದು. ಎರಡಕ್ಕೂ ಇದೇ ಉಪಾಯ. ವಿಜಯಪುರದ ಗೋಲ ಗುಮ್ಮಟ ನೋಡಿದವರಿಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಅಲ್ಲಿ ಒಂದೇ ಭಾರಿ ಗುಮ್ಮಟ, ಒಳಗೆ ನಿಂತರೆ ಅದರ ಪೂರ್ಣ ಗಾತ್ರ ತಲೆಯ ಮೇಲಿರುತ್ತದೆ. ಬೀದರ್ ಬಳಿಯ ಅಷ್ಟೂರು ಕೂಡ ರಾಜವಂಶದ ಖಬರಸ್ತಾನವೇ. ಆದರೆ ಅಲ್ಲಿ ಬಹಮನಿ ಸುಲ್ತಾನರು ಸಾಲಾಗಿ ತಮ್ಮ ತಮ್ಮ ಗುಮ್ಮಟದ ಕೆಳಗಿದ್ದಾರೆ. ದೆಹಲಿಯಲ್ಲಿ ಗುಮ್ಮಟ ಒಬ್ಬನದು, ಉಳಿದವರೆಲ್ಲ ಅವನ ಮನೆಯಲ್ಲಿ ಜಾಗ ಪಡೆದವರು!

ಮಧ್ಯದ ಅಷ್ಟಕೋನದ ಕೋಣೆಯಲ್ಲಿ ಕಾಣುವುದು ಹುಮಾಯೂನ್‌ನ ಗೋರಿಯ ಪ್ರತಿರೂಪ ಮಾತ್ರ. ನಿಜವಾದ ಗೋರಿ ಅದರ ಕೆಳಗೆ ನೆಲಮಾಳಿಗೆಯಲ್ಲಿದೆ.

ಹೆಸರಿಲ್ಲದ ಕಲ್ಲುಗಳು

ಜಗಲಿಯ ಮೇಲೆ ಹಾಗೂ ಪಕ್ಕದ ಕೋಣೆಗಳಲ್ಲಿ ಗೋರಿಗಳು ಒತ್ತೊತ್ತಾಗಿವೆ. ಹೆಚ್ಚಿನವುಗಳ ಮೇಲೆ ಹೆಸರಿಲ್ಲ. ಅಕ್ಬರನ ತಾಯಿ ಹಮೀದಾ ಬಾನು ಬೇಗಂ, ಬಾದಶಹರಾದ ಜಹಾಂದಾರ್ ಷಾ, ಫರೂಕ್‌ಸಿಯರ್, ಎರಡನೇ ಆಲಂಗೀರ್ ಇಲ್ಲಿದ್ದಾರೆ.

ಇವರ ನಡುವೆಯೇ ಇದ್ದಾನೆ ಷಹಜಹಾನನ ಹಿರಿಯ ಮಗ ದಾರಾ ಶಿಕೋ. 1657ರಲ್ಲಿ ಉಪನಿಷತ್ತುಗಳನ್ನು ಪರ್ಷಿಯನ್ ಭಾಷೆಗೆ ತಂದವನು. ಎರಡೇ ವರ್ಷದಲ್ಲಿ ತಮ್ಮ ಔರಂಗಜೇಬ್ ಅವನನ್ನು ಕೊಲ್ಲಿಸಿದ. ಗುಮ್ಮಟದ ಕೆಳಗೆ, ಅಕ್ಬರನ ಮಕ್ಕಳಾದ ಮುರಾದ್ ಮತ್ತು ದಾನಿಯಾಲ್ ಇರುವ ನೆಲಮಾಳಿಗೆಯಲ್ಲಿ ದಾರಾನನ್ನು ಹೂಳಲಾಯಿತು ಎಂದು ಔರಂಗಜೇಬನ ಆಸ್ಥಾನದ ಇತಿಹಾಸ 'ಆಲಂಗೀರ್‌ನಾಮಾ' ಹೇಳುತ್ತದೆ. ಆದರೆ ಯಾವ ಕಲ್ಲಿನ ಮೇಲೂ ಅವನ ಹೆಸರಿಲ್ಲ. ಈ ಗೋರಿಯನ್ನು ಗುರುತಿಸಲೆಂದೇ ಕೇಂದ್ರ ಸಂಸ್ಕೃತಿ ಸಚಿವಾಲಯ 2020ರಲ್ಲಿ ಏಳು ಸದಸ್ಯರ ಸಮಿತಿ ರಚಿಸಿತ್ತು.

ಮೊಘಲ್ ಆಳ್ವಿಕೆ ಕೊನೆಗೊಂಡಿದ್ದೂ ಒಂದರ್ಥದಲ್ಲಿ ಇಲ್ಲೇ. 1857ರ ಸೆಪ್ಟೆಂಬರ್‌ನಲ್ಲಿ ದೆಹಲಿ ಬ್ರಿಟಿಷರ ಕೈಸೇರಿದಾಗ ವೃದ್ಧ ಬಾದಶಹ ಬಹದ್ದೂರ್ ಷಾ ಜಫರ್ ಆಶ್ರಯ ಪಡೆದಿದ್ದು ಪೂರ್ವಜರ ಈ ಸಮಾಧಿಯಲ್ಲಿ. ಕ್ಯಾಪ್ಟನ್ ಹಾಡ್ಸನ್ ಅವರನ್ನು ಇಲ್ಲಿಯೇ ಸೆರೆಹಿಡಿದ. ಇಲ್ಲಿಂದಲೇ ಹಿಡಿದೊಯ್ದ ಇಬ್ಬರು ಪುತ್ರರು ಮತ್ತು ಒಬ್ಬ ಮೊಮ್ಮಗನನ್ನು ಇಂದಿನ ಖೂನಿ ದರ್ವಾಜಾ ಬಳಿ ಗುಂಡಿಕ್ಕಿ ಕೊಂದ. ಜಫರ್‌ಗೆ ಈ ಆವರಣದಲ್ಲಿ ಆರಡಿ ಜಾಗ ಸಿಗಲಿಲ್ಲ. ಅವರ ಗೋರಿ ಇರುವುದು ರಂಗೂನ್‌ನಲ್ಲಿ.

ಛಾವಣಿಯಿಂದ 10 ಲಕ್ಷ ಕೆ.ಜಿ. ಕಾಂಕ್ರೀಟ್!

1947ರ ವಿಭಜನೆಯ ಹೊತ್ತಿಗೆ ಇಲ್ಲಿ ನಿರಾಶ್ರಿತರ ಶಿಬಿರ ನಡೆಯಿತು. ಉದ್ಯಾನ ಹಾಳಾಯಿತು. ಆಮೇಲೆ ದುರಸ್ತಿಯ ಹೆಸರಿನಲ್ಲಿ ಸುಣ್ಣದ ಗಾರೆಯ ಜಾಗಕ್ಕೆ ಸಿಮೆಂಟ್ ಬಂತು. ಆಗಾ ಖಾನ್ ಸಾಂಸ್ಕೃತಿಕ ಟ್ರಸ್ಟ್ ಮತ್ತು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ (ಎಎಸ್‌ಐ) 2007ರಿಂದ 2013ರವರೆಗೆ ನಡೆಸಿದ ಸಂರಕ್ಷಣಾ ಕಾರ್ಯದಲ್ಲಿ ಛಾವಣಿಯೊಂದರಿಂದಲೇ ಸುಮಾರು 10 ಲಕ್ಷ ಕೆ.ಜಿ. ಕಾಂಕ್ರೀಟ್ ತೆಗೆದರು. ಮತ್ತೆ ಸುಣ್ಣದ ಗಾರೆಯನ್ನೇ ಬಳಸಿದರು. ನಾಶವಾಗಿದ್ದ ಬಣ್ಣದ ಹೆಂಚುಗಳನ್ನು ತಯಾರಿಸಲು ಉಜ್ಬೇಕಿಸ್ತಾನದ ಕುಶಲಕರ್ಮಿಗಳು ನಿಜಾಮುದ್ದೀನ್ ಬಸ್ತಿಯ ಯುವಕರಿಗೆ ತರಬೇತಿ ನೀಡಿದರು.

ಈ ಹೆಂಚಿನ ಕೆಲಸ ಹತ್ತಿರದಿಂದ ನೋಡಬೇಕಿದ್ದರೆ, ಒಳಹೋಗುತ್ತಿದ್ದಂತೆ ಬಲಕ್ಕೆ ಸಿಗುವ ಈಸಾ ಖಾನ್ ಸಮಾಧಿ ತಪ್ಪಿಸಬೇಡಿ. 1547ರ ಸುಮಾರಿಗೆ ಕಟ್ಟಿದ ಈ ಅಷ್ಟಕೋನದ ಕಟ್ಟಡ ಹುಮಾಯೂನ್ ಸಮಾಧಿಗಿಂತ ಹಳೆಯದು. ಈಸಾ ಖಾನ್ ಸೂರಿ ದರ್ಬಾರಿನವನು, ಅಂದರೆ ಹುಮಾಯೂನ್‌ನನ್ನು ಹಿಂದೂಸ್ತಾನದಿಂದ ಓಡಿಸಿದ ಶೇರ್ ಷಾನ ಕಡೆಯವನು! ಈಗ ಇಬ್ಬರೂ ನೆರೆಹೊರೆ.

ಹೋಗುವುದು ಹೇಗೆ?

ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಪ್ರವೇಶವಿದೆ. ಭಾರತೀಯರಿಗೆ ಟಿಕೆಟ್ 40 ರೂ., ಆನ್‌ಲೈನ್‌ನಲ್ಲಿ 35 ರೂ. 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಮೆಟ್ರೊದಲ್ಲಿ ಬರುವವರು ವಯಲೆಟ್ ಲೈನ್‌ನ ಜೆಎಲ್‌ಎನ್ ಸ್ಟೇಡಿಯಂನಲ್ಲಿ ಇಳಿದು ಆಟೊ ಹಿಡಿಯಬಹುದು. 2024ರ ಜುಲೈನಲ್ಲಿ ಉದ್ಘಾಟನೆಯಾದ ಭೂಗತ ವಸ್ತುಸಂಗ್ರಹಾಲಯಕ್ಕೆ ಹಾಗೂ ಪಕ್ಕದ ಸುಂದರ್ ನರ್ಸರಿಗೆ ಬೇರೆ ಟಿಕೆಟ್. ಚಳಿಗಾಲದ ಬೆಳಗ್ಗೆ ಅಥವಾ ಇಳಿಹೊತ್ತು ಒಳ್ಳೆಯದು. ಮೇ, ಜೂನ್‌ನ ಮಧ್ಯಾಹ್ನ ಜಗಲಿಯ ಕಲ್ಲು ಕಾಲಿಡಲಾಗದಷ್ಟು ಕಾದಿರುತ್ತದೆ, ಮೇಲೇರುವ ಮೆಟ್ಟಿಲುಗಳೂ ಕಡಿದು. ಹಿರಿಯರನ್ನು ಕರೆದೊಯ್ಯುವವರು ಇದನ್ನು ಗಮನದಲ್ಲಿಡಿ.