ಲೆಕ್ಕ ತೊಡಿಸಿದ ಹೆಲ್ಮೆಟ್

ಮೋಟಾರ್‌ಸೈಕಲ್ ಹೆಲ್ಮೆಟ್ಟಿನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಮೊದಲ ಮಹಾಯುದ್ಧದ ಹೆಸರಾಂತ ಬ್ರಿಟಿಷ್ ಸೇನಾಧಿಕಾರಿ ‘ಅರೇಬಿಯಾದ ಲಾರೆನ್ಸ್’ನಿಂದ ಶುರುಮಾಡುತ್ತಾರೆ. 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್ ಸೀಮೆಯಲ್ಲಿ ತನ್ನ ಬ್ರಫ್ ಸುಪೀರಿಯರ್ ಗಾಡಿಯ ಮೇಲೆ ಬರಿತಲೆಯಲ್ಲಿ ಹೋಗುತ್ತಿದ್ದ ಆತ, ದಾರಿಯಲ್ಲಿದ್ದ ಇಬ್ಬರು ಸೈಕಲ್ ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ಪ್ರಜ್ಞೆ ಮರಳದೆ ಆರನೆಯ ದಿನ ತೀರಿಕೊಂಡ. ಅವನನ್ನು ನೋಡಲು ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಆಸ್ಟ್ರೇಲಿಯಾ ಮೂಲದ ಮಿದುಳು ಶಸ್ತ್ರವೈದ್ಯನಿದ್ದ. ಆ ಸಾವಿಗೆ ಮನ ಕರಗಿ ಅವನು ಜಗತ್ತಿಗೆ ಹೆಲ್ಮೆಟ್ ತೊಡಿಸಿದ ಎಂಬುದು ಪ್ರಚಲಿತ ಕಥೆ. ಅದು ಪೂರ್ತಿ ಸುಳ್ಳೇನಲ್ಲ. ಆದರೆ ಆ ಸಾವಿಗೂ ಹೆಲ್ಮೆಟ್ ಕುರಿತ ಕೇರ್ನ್ಸನ ಮೊದಲ ಪ್ರಬಂಧಕ್ಕೂ ನಡುವೆ ಆರು ವರ್ಷಗಳಿವೆ. ಅಷ್ಟು ಹೆಸರಾಂತ ವ್ಯಕ್ತಿ ಸತ್ತರೂ ಬ್ರಿಟಿಷ್ ಸವಾರರು ಬರಿತಲೆಯಲ್ಲೇ ಓಡಾಡಿಕೊಂಡಿದ್ದರು. ಅವರ ತಲೆ ಮುಚ್ಚಿಸಿದ್ದು ಮರುಕವಲ್ಲ, ಲೆಕ್ಕ.

ಲೆಕ್ಕ ಅದಕ್ಕೂ ಹಿಂದೆಯೇ ಒಮ್ಮೆ ಗೆದ್ದಿತ್ತು. ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನ ವೈದ್ಯ ಎರಿಕ್ ಗಾರ್ಡ್ನರ್, ತಲೆಗೆ ಪೆಟ್ಟು ಬಿದ್ದವರು ಒಬ್ಬರ ಹಿಂದೊಬ್ಬರು ತನ್ನ ಬಳಿಗೇ ಬರುವುದನ್ನು ಗಮನಿಸಿ, ಕ್ಯಾನ್ವಾಸ್ ಬಟ್ಟೆಗೆ ಅರಗು ಬಳಿದು ಗಟ್ಟಿ ಮಾಡಿದ ಟೋಪಿಗಳನ್ನು ಮಾಡಿಸಿದ. 1914ರ ಐಲ್ ಆಫ್ ಮ್ಯಾನ್ ಟಿಟಿ ರೇಸಿನಲ್ಲಿ ಅವು ಕಡ್ಡಾಯವಾದವು. ರೇಸಿನವರಿಗೆ ದಕ್ಕಿದ ಈ ತಿಳಿವಳಿಕೆ ಊರ ರಸ್ತೆಗಿಳಿಯಲು ಎರಡನೆಯ ಮಹಾಯುದ್ಧವೇ ಬರಬೇಕಾಯಿತು. 1941ರ ಅಕ್ಟೋಬರಿನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಕೇರ್ನ್ಸ್ ಬರೆದ ಪ್ರಬಂಧದ ಪ್ರಕಾರ, ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನಲ್ಲಿ ಸತ್ತ ಮೋಟಾರ್‌ಸೈಕಲ್ ಸವಾರರು ಮತ್ತು ಹಿಂಬದಿ ಕೂತವರು 2,279 ಮಂದಿ. ಅವನ ಕಣ್ಣಿಗೆ ಬಿದ್ದ ಪ್ರಕರಣಗಳಲ್ಲಿ ಹೆಲ್ಮೆಟ್ ಹಾಕಿದ್ದವರು ಏಳೇ ಜನ. ಏಳೂ ಮಂದಿ ಬದುಕಿದ್ದರು. ಮುಂದಿನ ತಿಂಗಳೇ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಏಳು ಪ್ರಕರಣ ಪುರಾವೆಗೆ ಸಾಲದು ಎನ್ನುವವರ ಮಾತು ನ್ಯಾಯವಾದದ್ದೇ. ಆದರೆ ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. 1943ರಲ್ಲಿ ಭೌತವಿಜ್ಞಾನಿ ಹೋಲ್ಬರ್ನ್ ಜೊತೆ ಸೇರಿ ಕೇರ್ನ್ಸ್ ಹೆಲ್ಮೆಟ್ ಧರಿಸಿ ಬಿದ್ದವರ ನೂರಕ್ಕೂ ಹೆಚ್ಚು ಪ್ರಕರಣಗಳನ್ನು ಪರಿಶೀಲಿಸಿದ. ಬುರುಡೆಯೊಳಗೆ ಮಿದುಳು ಹೇಗೆ ತಿರುಚಿಕೊಳ್ಳುತ್ತದೆಂದು ತಿಳಿಯಲು ಹೋಲ್ಬರ್ನ್ ಜೆಲಟಿನ್ನಿನಲ್ಲಿ ಮಿದುಳಿನ ಮಾದರಿ ಮಾಡಿ ಪ್ರಯೋಗ ನಡೆಸಿದ್ದ.

ಈ ಸಂಗತಿಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ರಕ್ಷಣೆಯ ಉಡುಪಿನ ಬೆಲೆ ಗೊತ್ತಾದದ್ದು ಸವಾರನಿಗಲ್ಲ, ಬಿದ್ದ ನೂರಾರು ಸವಾರರನ್ನು ಒಟ್ಟಿಗೆ ಕಂಡವರಿಗೆ. ಇಪ್ಪತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ಏನೂ ಆಗಿಲ್ಲ ಎನ್ನುವವನು ಸುಳ್ಳು ಹೇಳುತ್ತಿಲ್ಲ. ಆದರೆ ಏನಾದರೂ ಆದವನು ಬಂದು ಹಾಗೆ ಹೇಳಲಾರ. ಹೆಲ್ಮೆಟ್ಟಿನ ಒಳಗನ್ನು ತಿದ್ದಿದ್ದೂ ಇಂಥದೇ ಪರೀಕ್ಷೆ. ಗಟ್ಟಿ ಚಿಪ್ಪೇ ತಲೆ ಕಾಯುತ್ತದೆಂಬ ನಂಬಿಕೆಯ ಕಾಲದಲ್ಲಿ, ಅಮೆರಿಕದ ಸಿ. ಎಫ್. ಲೊಂಬಾರ್ಡ್ ಚಿಪ್ಪಿನೊಳಗೆ ಅಪ್ಪಚ್ಚಿಯಾಗಿ ಪೆಟ್ಟನ್ನು ಹೀರುವ ಪದರವನ್ನು ಸೇರಿಸಿದ ಹೆಲ್ಮೆಟ್ಟಿಗೆ 1953ರಲ್ಲಿ ಪೇಟೆಂಟ್ ಪಡೆದ. ಇಂದಿನ ಹೆಲ್ಮೆಟ್ಟುಗಳಲ್ಲಿ ನಾವು ಥರ್ಮೊಕೋಲ್ ಎಂದು ಕರೆಯುವ ಪದರ ಮಾಡುವ ಕೆಲಸ ಅದೇ. ಕೊಳ್ಳುವವನು ಮಾತ್ರ ಹೊರಗಿನ ಬಣ್ಣವನ್ನೇ ನೋಡುತ್ತಾನೆ.

ಆಕ್ಷೇಪಗಳಲ್ಲಿ ತೂಕವಿರುವುದು ಒಂದಕ್ಕೆ: ಯುದ್ಧಕಾಲದಲ್ಲಿ ಪೆಟ್ರೋಲಿಗೆ ಪಡಿತರವಿತ್ತು, ಸೈನ್ಯದ ಆದೇಶದ ನಂತರ ಸವಾರರ ಸಾವು ಇಳಿದದ್ದು ಗಾಡಿಗಳೇ ಕಡಿಮೆಯಾದದ್ದರಿಂದ ಇರಬಹುದಲ್ಲ? ಇರಬಹುದು. ಆದರೆ ಅಮೆರಿಕದಲ್ಲಿ ಇದಕ್ಕೆ ವಿರುದ್ಧ ದಿಕ್ಕಿನ ಪರೀಕ್ಷೆ ತಾನಾಗಿಯೇ ನಡೆದುಹೋಯಿತು. 1976ರಲ್ಲಿ ಅಲ್ಲಿನ ಕಾಂಗ್ರೆಸ್ಸು, ಹೆಲ್ಮೆಟ್ ಕಡ್ಡಾಯ ಮಾಡುವಂತೆ ರಾಜ್ಯಗಳ ಮೇಲಿದ್ದ ಒತ್ತಡವನ್ನು ಸಡಿಲಿಸಿದ ಮೇಲೆ ಅರ್ಧಕ್ಕೂ ಹೆಚ್ಚು ರಾಜ್ಯಗಳು ಹೆಲ್ಮೆಟ್ ಕಾನೂನನ್ನು ರದ್ದುಮಾಡಿದವು ಇಲ್ಲವೇ ದುರ್ಬಲಗೊಳಿಸಿದವು. ಸವಾರರ ಸಾವು ಏರಿತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ಕಾಕ್ರೇನ್ ಪರಿಶೀಲನೆ, ಹೆಲ್ಮೆಟ್ಟಿನಿಂದ ಸಾವಿನ ಅಪಾಯ ಶೇ 42ರಷ್ಟು, ತಲೆಪೆಟ್ಟಿನ ಅಪಾಯ ಶೇ 69ರಷ್ಟು ತಗ್ಗುತ್ತದೆ ಎಂದಿತು. ಹೆಲ್ಮೆಟ್ಟಿನಿಂದ ಕುತ್ತಿಗೆಗೆ ಕೇಡು ಎಂಬ ಮಾತಿಗೆ ಆ ಪರಿಶೀಲನೆಯಲ್ಲಿ ಆಧಾರ ಸಿಗಲಿಲ್ಲ. ಸ್ವಾತಂತ್ರ್ಯದ ಪ್ರಶ್ನೆ ಬೇರೆ ಬಗೆಯದು. 1973ರಲ್ಲಿ ಎಲ್ಲ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ ಬ್ರಿಟನ್, 1976ರಲ್ಲಿ ಪೇಟ ಸುತ್ತುವ ಸಿಖ್ಖರಿಗೆ ವಿನಾಯಿತಿ ಕೊಟ್ಟಿತು; ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 129ನೆಯ ಕಲಮೂ ಕೊಟ್ಟಿದೆ. ಧರ್ಮಶ್ರದ್ಧೆಗಾಗಿ ತಿಳಿದೂ ಅಪಾಯವನ್ನು ಹೊರುವುದು ಒಂದು ನಿಲುವು. ಕೂದಲು ಕೆಡುತ್ತದೆ, ಸೆಕೆಯಾಗುತ್ತದೆ ಎಂಬುದನ್ನು ಅದರ ಸಾಲಿಗೆ ಸೇರಿಸಲಾಗದು.

1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಗಾಡಿಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳಿಸುತ್ತಿದ್ದ ನಾಡು ನಮ್ಮದು. ಆದರೂ ಹಿಂಬದಿ ಕೂತವರಿಗೂ ಹೆಲ್ಮೆಟ್ ಬೇಕೆಂದು ಕರ್ನಾಟಕ ಸರ್ಕಾರ ಪಟ್ಟುಹಿಡಿದದ್ದು 2016ರ ಜನವರಿಯಲ್ಲಿ, ಹಿಂಬದಿಯವರನ್ನೂ ಕೇರ್ನ್ಸ್ ಲೆಕ್ಕಕ್ಕೆ ಹಿಡಿದು ಮುಕ್ಕಾಲು ಶತಮಾನವಾಗುತ್ತ ಬಂದಾಗ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ. ರಸ್ತೆಬದಿಯಲ್ಲಿ ದಂಡ ತಪ್ಪಿಸಲೆಂದೇ ಮಾಡಿದ ತೆಳು ಟೋಪಿಗಳು ಇನ್ನೂ ಸಿಗುತ್ತವೆ. ಕೊಳ್ಳುವಾಗ ಒಳಗೆ ಕೈಹಾಕಿ ಥರ್ಮೊಕೋಲ್ ಪದರ ಇದೆಯೇ ನೋಡಿ, ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಜಾರದಂಥ ಅಳತೆಯನ್ನೇ ಆರಿಸಿ, ಗದ್ದದ ಪಟ್ಟಿಯನ್ನು ಪ್ರತಿ ಸಲವೂ ಬಿಗಿಯಿರಿ. ಹಿಂದೆ ಕೂರುವವರಿಗೂ ಅಂಥದೇ ಒಂದನ್ನು ಕೊಳ್ಳಿ.