ಕಂಬಾರನ ಕುಲುಮೆಯಿಂದ ರವದಿಯ ಯಂತ್ರದವರೆಗೆ

ಮುಧೋಳದ ಹೆಸರು ಬಂದೊಡನೆ ನಮ್ಮ ಸಾಹಿತ್ಯಪ್ರಿಯರು ಕವಿ ರನ್ನನನ್ನು ನೆನೆಯುತ್ತಾರೆ. ಉಳಿದವರು ಅಲ್ಲಿಯ ಬೇಟೆನಾಯಿಯನ್ನು ನೆನೆಯುತ್ತಾರೆ. ಎರಡೂ ನ್ಯಾಯವಾದ ನೆನಪುಗಳೇ. ಆದರೆ ಘಟಪ್ರಭೆಯ ದಂಡೆಯ ಆ ಎರೆಭೂಮಿಯಲ್ಲಿ ತಲೆಮಾರುಗಳಿಂದ ಬಾಳಿ ಬಂದ ಒಕ್ಕಲಿಗನು ತನ್ನ ಉಪಕರಣಗಳನ್ನು ಯಾವ ವಿವೇಚನೆಯಿಂದ ಆರಿಸಿಕೊಂಡನೆಂಬುದಕ್ಕೂ ಒಂದು ಚರಿತ್ರೆಯುಂಟು. ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿಯನ್ನು ಕೊಂಡಾಡುವ ನಾವು ಬಡಿಗೇರರ, ಕಂಬಾರರ ಮನೆಯ ಕಸುಬನ್ನು ಅಷ್ಟಾಗಿ ವಿಚಾರಿಸಿದವರಲ್ಲ. ಈ ಹೊತ್ತು ಆ ಚರಿತ್ರೆಯ ಒಂದೆಳೆಯನ್ನು ತಮ್ಮ ಮುಂದಿಡಬಯಸುತ್ತೇನೆ.

ಹಳೆಯ ಒಕ್ಕಲುತನದ ಸಲಕರಣೆಗಳೆಂದರೆ ನೇಗಿಲು, ಕುಂಟೆ, ಕೂರಿಗೆ, ಎಡೆಕುಂಟೆ. ಇವುಗಳ ಮೈ ಜಾಲಿಯ ಕಟ್ಟಿಗೆ, ಬಾಯಿ ಕಬ್ಬಿಣ. ಕಟ್ಟಿಗೆ ಸೀಳಿದರೆ ಬಡಿಗೇರ, ಕುಡ ಮೊಂಡಾದರೆ ಕಂಬಾರ. ಇವರಿಬ್ಬರಿಗೂ ಪ್ರತಿ ಸಲದ ಕೆಲಸಕ್ಕೆ ಕೂಲಿಯಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಶಿಯಿಂದ ತಮ್ಮ ಪಾಲಿನ ಆಯವನ್ನು ಒಯ್ಯುತ್ತಿದ್ದರು. ಆಯ ಪಡೆದ ಕಂಬಾರನು ವರ್ಷವಿಡೀ ಕುಡವನ್ನು ಹಣಿದುಕೊಡಲೇಬೇಕು. ಬಿತ್ತನೆಯ ಹದದಲ್ಲಿ ಕುಡ ಮೊಂಡಾಗಿ ಒಕ್ಕಲಿಗನ ಬೆಳೆ ಹೋದರೆ ಕಂಬಾರನ ಕಾಳೂ ಹೋಯಿತು. ಇಂದಿನ ಅಂಗಡಿಯವರು ‘ವಾರಂಟಿ’ ಎಂದು ಮುದ್ರೆಯೊತ್ತಿ ಕೊಡುವ ಕಾಗದಕ್ಕಿಂತ ಈ ಏರ್ಪಾಡು ಗಟ್ಟಿಯಾಗಿತ್ತೆಂದು ನನಗನ್ನಿಸುತ್ತದೆ. ಅದರೊಳಗೆ ಜಾತಿಯ ಕಟ್ಟುಪಾಡೂ ಬಡತನವೂ ಇದ್ದವು. ಅದನ್ನು ಮರೆತು ಹಳೆಯದನ್ನು ಹೊಗಳುವುದು ನನ್ನ ಉದ್ದೇಶವಲ್ಲ.

ಈ ಪ್ರಪಂಚಕ್ಕೆ ಕಾರ್ಖಾನೆಯ ಕಬ್ಬಿಣವನ್ನು ತಂದವರು ಲಕ್ಷ್ಮಣರಾವ್ ಕಿರ್ಲೋಸ್ಕರರು. 1869ರಲ್ಲಿ ಗುರ್ಲಹೊಸೂರಿನಲ್ಲಿ ಜನಿಸಿದ ಇವರು ಹುಟ್ಟಿನಿಂದ ನಮ್ಮ ಸೀಮೆಯವರೇ. ಸೋದರ ರಾಮಣ್ಣನವರೊಡಗೂಡಿ 1888ರಲ್ಲಿ ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭವಾದ ಅವರ ಉದ್ಯಮವು ಮೊದಲು ತಯಾರಿಸಿದ ಒಕ್ಕಲುತನದ ಯಂತ್ರ ನೇಗಿಲಲ್ಲ, ಮೇವು ಕತ್ತರಿಸುವ ಯಂತ್ರ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ಎತ್ತು ಎಲೆಯನ್ನು ತಿಂದು ದಪ್ಪ ದಂಟನ್ನು ತುಳಿದುಬಿಡುತ್ತದೆ. ಕತ್ತರಿಸಿ ಹಾಕಿದರೆ ಅದೂ ಹೊಟ್ಟೆಗೆ ಹೋಗುತ್ತದೆ. ಬರಗಾಲದ ಸೀಮೆಯಲ್ಲಿ ಈ ಲಾಭವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

1903ರಲ್ಲಿ ಕಬ್ಬಿಣದ ನೇಗಿಲು ಬಂದಿತು. ಅದನ್ನು ಕೊಳ್ಳುವವರಿಲ್ಲದೆ ಸುಮಾರು ಎರಡು ವರ್ಷ ಕಳೆದವೆಂದೂ, ಕಬ್ಬಿಣವು ಮಣ್ಣಿಗೆ ವಿಷವಾದೀತೆಂದು ರೈತರು ಅಂಜಿದರೆಂದೂ ಆ ಉದ್ಯಮದ ಚರಿತ್ರೆಯಲ್ಲಿ ಹೇಳುತ್ತ ಬಂದಿದ್ದಾರೆ. ಈ ಮಾತನ್ನು ರೈತನ ಮೌಢ್ಯಕ್ಕೆ ನಿದರ್ಶನವೆಂದು ಎತ್ತಿ ಹೇಳುವುದು ರೂಢಿ. ನಾನು ಇದನ್ನು ಅಷ್ಟು ಸುಲಭವಾಗಿ ಒಪ್ಪಲಾರೆ. ಕಟ್ಟಿಗೆಯ ನೇಗಿಲಿನ ತುದಿಯ ಕುಡವೂ ಕಬ್ಬಿಣದ್ದೇ ಅಲ್ಲವೆ? ಶತಮಾನಗಳಿಂದ ಅದು ಮಣ್ಣನ್ನು ಸೀಳುತ್ತಲೇ ಇತ್ತು. ಯಾವ ಹೊಲವೂ ವಿಷವಾಗಿರಲಿಲ್ಲ. ಹಾಗಾದರೆ ರೈತನು ಅಂಜಿದ್ದು ಯಾವುದಕ್ಕೆ? ನನ್ನ ತರ್ಕ ಇಷ್ಟು: ಕಂಬಾರನ ಕುಲುಮೆಯಲ್ಲಿ ಕಾಯ್ದು ಮೆತ್ತಗಾಗುವುದು ಬಡಿಗಬ್ಬಿಣ. ಎರಕ ಹೊಯ್ದ ಬೀಡಿನ ಸ್ವಭಾವ ಬೇರೆ. ಅದನ್ನು ಕಾಯಿಸಿ ಬಡಿದರೆ ಒಡೆಯುತ್ತದೆ. ಎರಕದ ಭಾಗವೊಂದು ಬಿರುಕು ಬಿಟ್ಟರೆ ಊರ ಕಂಬಾರನು ಕೈಚೆಲ್ಲುತ್ತಾನೆ, ರೈತನು ಬೆಳಗಾವಿಗೆ ಗಾಡಿ ಕಟ್ಟಬೇಕು. ಹದ ಅಲ್ಲಿಯವರೆಗೆ ಕಾಯುವುದಿಲ್ಲ. ಇದನ್ನೆಲ್ಲ ವಿವರಿಸುವ ಪರಿಭಾಷೆ ಅವನಲ್ಲಿರಲಿಲ್ಲ. ಕೈಗೆ ಸಿಕ್ಕ ಮಾತು ‘ವಿಷ’, ಆಡಿದ.

ಮುಂದೆ ಬೆಳಗಾವಿಯಲ್ಲಿ ನಗರಸಭೆಗೆ ಜಾಗ ಬೇಕಾಗಿ ಕಾರ್ಖಾನೆಯು ಎದ್ದು ಹೋಗಬೇಕಾಯಿತು. ಔಂಧದ ಅರಸರ ಆಶ್ರಯದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ನೇಗಿಲು ಅನಂತರ ದಖ್ಖನದ ಎರೆಯಲ್ಲಿ ನೆಲೆಯೂರಿತು. ಎತ್ತಿನ ಕಟ್ಟಿಗೆಯ ನೇಗಿಲಿಗೆ ಜಗ್ಗದ ಕರಿಕೆಯ ಬೇರನ್ನು ಅದು ಆಳದಿಂದ ಕಿತ್ತೊಗೆಯುತ್ತಿತ್ತು. ಹೊಲದಲ್ಲಿ ಗುಣ ಕಂಡ ಮೇಲೆ ವಿಷದ ಮಾತು ತಾನಾಗಿ ಅಡಗಿತು.

ಇನ್ನು ಹುಲ್ಲು ಕೂಡಿಸುವ ಯಂತ್ರದ ಮಾತು. ನಮ್ಮಲ್ಲಿ ಜೋಳವನ್ನು ಕೈಯಿಂದ ಕಿತ್ತು ಅಥವಾ ಕೊಯ್ದು, ಸಿವುಡು ಕಟ್ಟಿ, ತೆನೆ ಮುರಿದು, ಕಣಿಕೆಯನ್ನು ಬಣವೆ ಒಟ್ಟುತ್ತಿದ್ದರು. ನೆಲಕ್ಕೆ ಚೆಲ್ಲಿ ಬಿದ್ದ ಮೇವೇ ಇರಲಿಲ್ಲವಾದ್ದರಿಂದ ಅದನ್ನು ಬಾಚುವ ದೊಡ್ಡ ಸಲಕರಣೆ ಬೇಕಾಗಲಿಲ್ಲ. ಕಣದ ಹೊಟ್ಟು ಎಳೆಯಲು ಕಟ್ಟಿಗೆಯ ಜಂತಗುಂಟೆ ಸಾಕಾಗಿತ್ತು. ಬಯಲ ಹುಲ್ಲನ್ನು ಕತ್ತರಿಸಿ ಬಿಸಿಲಿಗೆ ಒಣಗಿಸುವ ಯುರೋಪು, ಅಮೆರಿಕಗಳಲ್ಲಿ ಮಾತ್ರ ಅದು ಕುದುರೆ ಎಳೆಯುವ ಯಂತ್ರವಾಗಿ, ಬಳಿಕ ಟ್ರ್ಯಾಕ್ಟರಿನ ಯಂತ್ರವಾಗಿ ಬೆಳೆಯಿತು. ಮುಧೋಳ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದ 1948ರಲ್ಲಿಯೇ, ಹಾಲೆಂಡಿನ ಮಾಸ್‌ಲಾಂಡ್ ಎಂಬಲ್ಲಿ ಲೇಲಿ ಮನೆತನದ ಕಾರ್ನೆಲಿಸ್ ಮತ್ತು ಆರಿ ಎಂಬ ಸೋದರರು ಬೆರಳುಗಾಲಿಯ ಕುಂಟೆಯನ್ನು ಹೊರತಂದರು. ಸುತ್ತಲೂ ಉಕ್ಕಿನ ಹಲ್ಲುಗಳನ್ನು ತೊಟ್ಟ ಗಾಲಿಗಳು ಓರೆಯಾಗಿ ನಿಂತು, ನೆಲದ ಸ್ಪರ್ಶದಿಂದಲೇ ತಿರುಗಿ ಹುಲ್ಲನ್ನು ಒಂದು ಪಕ್ಕಕ್ಕೆ ದಿಂಡುಗಟ್ಟುತ್ತವೆ. ಟ್ರ್ಯಾಕ್ಟರು ಎಳೆದರೆ ಸಾಕು. ಅದರ ಎಂಜಿನ್ನಿನಿಂದ ಬೇರೆ ಶಕ್ತಿ ಕೊಡಬೇಕಾಗಿಲ್ಲ.

ಆ ಯಂತ್ರಕ್ಕೂ ನಮಗೂ ಸಂಬಂಧ ಕೂಡಿಸಿದ್ದು ಕಬ್ಬು. 1977ರಲ್ಲಿ ಪೂರ್ಣಗೊಂಡ ಹಿಡಕಲ್ ಅಣೆಕಟ್ಟಿನ ನೀರು, ಸಾಲುಸಾಲಾಗಿ ಎದ್ದ ಸಕ್ಕರೆ ಕಾರ್ಖಾನೆಗಳು ಮುಧೋಳ ಸೀಮೆಯ ಬಣ್ಣವನ್ನೇ ಬದಲಿಸಿದವು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಮೊಣಕಾಲುದ್ದ ರವದಿ ಉಳಿಯುತ್ತದೆ. ಕಡ್ಡಿ ಗೀರಿದರೆ ಒಂದು ತಾಸಿನಲ್ಲಿ ಹೊಲ ಬರಿದು. ಆ ಹೊಗೆಯೊಡನೆ ಮಣ್ಣಿಗೆ ಸೇರಬೇಕಾದ ಸಾರವೂ ಹೋಗುತ್ತದೆ, ಕೆಲವೊಮ್ಮೆ ನೆರೆಯವನ ನಿಂತ ಬೆಳೆಯೂ ಹೋಗುತ್ತದೆ. ಸುಡದೆ ಸಾಲು ಬಿಟ್ಟು ಸಾಲಿಗೆ ಹೊದಿಸಿದರೆ ತೇವ ನಿಲ್ಲುತ್ತದೆ. ಪೆಂಡಿ ಕಟ್ಟಿ ಮಾರಿದರೆ ಉರುವಲಾಗುತ್ತದೆ. ಎರಡಕ್ಕೂ ಮೊದಲು ಅದನ್ನು ಬಾಚಿ ದಿಂಡುಗಟ್ಟಬೇಕು.

ನನ್ನ ಅಣ್ಣನ ಮಗನಿಗೆ ಅಲ್ಲಿ ಆರು ಎಕರೆ ಹೊಲವಿದೆ. ಯಾವ ಕುಂಟೆ ಕೊಳ್ಳಬೇಕೆಂದು ಅವನು ಕನ್ನಡ ಕಲಿಸಿದ ನನ್ನನ್ನು ಕೇಳಿದ! ಅಂಗಡಿಯವರು ಅವನಿಗೆ ಎರಡು ಬಗೆ ತೋರಿಸಿದ್ದರು. ಒಂದು ನಾನೀಗ ಹೇಳಿದ ಬೆರಳುಗಾಲಿಯದು. ಇನ್ನೊಂದು ಟ್ರ್ಯಾಕ್ಟರಿನ ಹಿಂಬದಿಯ ತಿರುಗುದಂಡದಿಂದ ಶಕ್ತಿ ಪಡೆದು, ಉದ್ದ ತೋಳುಗಳನ್ನು ಸುತ್ತಿಸಿ ಬಾಚುವಂಥದು. ಎರಡನೆಯದು ಹುಲ್ಲನ್ನು ಹೆಚ್ಚು ಚೊಕ್ಕಟವಾಗಿ ಎತ್ತುತ್ತದೆ, ಮಣ್ಣು ಕಡಿಮೆ ಬೆರೆಯುತ್ತದೆ. ಮೊದಲನೆಯದರ ಹಲ್ಲು ತುಸು ಕೆಳಗಿಳಿದರೂ ಎರೆಯ ಹೆಂಟೆ, ಧೂಳು ಮೇವಿನೊಡನೆ ಬರುತ್ತವೆ. ಕಬ್ಬಿನ ಬೋದಿನ ಮೇಲೆ ಎರಡೂ ಕುಣಿಯುತ್ತವೆನ್ನಿ. ಗುಣ ನೋಡಿದರೆ ಎರಡನೆಯದೇ ಮೇಲೆಂದು ಅಂಗಡಿಯವರ ವಾದ. ಆಗ ಹುಡುಗ ನನ್ನ ಮುಂದಿಟ್ಟ ಪ್ರಶ್ನೆಯೊಂದೇ: “ಕಾಕಾ, ಅದರ ಹಲ್ಲಿನ ಪೆಟ್ಟಗಿ ಒಡದ್ರ ಎಲ್ಲಿಗಿ ಒಯ್ಯೂದ್ರಿ?”

ಅವನು ಹಲ್ಲಿನ ಪೆಟ್ಟಿಗೆಯೆಂದದ್ದು ಗೇರುಪೆಟ್ಟಿಗೆಯನ್ನು. ನೂರಿಪ್ಪತ್ತು ವರ್ಷಗಳ ಹಿಂದೆ ಅವನ ಹಿರಿಯರು ‘ವಿಷ’ವೆಂದು ಆಡಿದ ಮಾತಿನ ಒಳಗಿದ್ದದ್ದು ಈ ಪ್ರಶ್ನೆಯೇ ಎಂದು ನನಗೆ ಹೊಳೆಯಿತು. ನಾನು ಕೊಟ್ಟ ಸಲಹೆ ಸರಳ. ಹಣ ಕೊಡುವ ಮೊದಲು ಒಂದು ಹಲ್ಲು, ಒಂದು ಬೇರಿಂಗು, ಒಂದು ಪಿನ್ನು ಇಷ್ಟನ್ನು ಅಂಗಡಿಯ ಒಳಗಿನಿಂದ ಅಲ್ಲಿಯೇ ತರಿಸಿ ಮೇಜಿನ ಮೇಲೆ ಇಡಿಸು. ‘ನಾಳೆ ತರಿಸುತ್ತೇವೆ’ ಎಂದರೆ ಹಿಂದಿರುಗಿ ಬಾ. ನಿನ್ನ ಹೊಲದಂಥ ಹೊಲದಲ್ಲಿ ಒಂದು ಹಂಗಾಮು ದುಡಿದ ಯಂತ್ರವನ್ನು ಕಂಡುಬಾ. ಆರು ಎಕರೆಗಾಗಿ ಒಬ್ಬನೇ ಸಾಲ ಹೊರಬೇಡ. ವರ್ಷದಲ್ಲಿ ನಾಲ್ಕು ದಿನ ದುಡಿದು ಉಳಿದ ದಿನ ತುಕ್ಕು ಹಿಡಿಯುವ ಯಂತ್ರಕ್ಕೆ ಬಡ್ಡಿ ಮಾತ್ರ ದಿನವೂ ದುಡಿಯುತ್ತದೆ.

ಅವನು ನೆರೆಹೊಲದ ಮೂವರೊಂದಿಗೆ ಕೂಡಿ ಬೆರಳುಗಾಲಿಯ ಕುಂಟೆಯನ್ನೇ ತಂದ. ಜೊತೆಗೆ ತಂದ ಹನ್ನೆರಡು ಹೆಚ್ಚಿನ ಹಲ್ಲುಗಳು ದನದ ಕೊಟ್ಟಿಗೆಯ ಗೂಟಕ್ಕೆ ತೂಗುತ್ತಿವೆ. ಕಳೆದ ಹಂಗಾಮಿನಲ್ಲಿ ಐದು ಮುರಿದವು. ನಾಲ್ಕನ್ನು ಹೊಲದಲ್ಲಿಯೇ ನಿಂತು ಬದಲಾಯಿಸಿದರು. ಐದನೆಯದನ್ನು ಊರಲ್ಲೇ ವೆಲ್ಡಿಂಗ್ ಮಾಡಿಸಿದರು. ಸ್ಪ್ರಿಂಗಿನ ಉಕ್ಕು ಒಮ್ಮೆ ಬೆಂಕಿ ಕಂಡರೆ ಹದ ಕಳೆದುಕೊಳ್ಳುತ್ತದೆ. ಅದು ಮಧ್ಯಾಹ್ನದವರೆಗೂ ತಾಳಲಿಲ್ಲ.