ನೆರೆಯವರ ಋಣ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮ ದೇವಾಲಯವನ್ನು ಕಟ್ಟಿ ಬೆಳೆಸಿದ ಧರ್ಮಗುರುಗಳನ್ನೂ ದಾನಿಗಳನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ದಾನಿಗಳ ಪಟ್ಟಿಯಲ್ಲಿ ಕಾಣಿಸದ ಇನ್ನೊಂದು ಋಣವೂ ನಮ್ಮ ಮೇಲಿದೆ. ಅದು ನೆರೆಹೊರೆಯ ಹಿಂದೂ, ಜೈನ, ಮುಸಲ್ಮಾನ ಬಾಂಧವರ ಋಣ. ಕರಾವಳಿಯ ಕಥೋಲಿಕರ ಚರಿತ್ರೆಯನ್ನು ಬಲ್ಲವರಿಗೆ ಇದು ಬರಿಯ ಉಪಚಾರದ ಮಾತಲ್ಲವೆಂದು ತಿಳಿದೀತು.

ನಮ್ಮ ಪೂರ್ವಜರಲ್ಲಿ ಹೆಚ್ಚಿನವರು ಗೋವೆಯಿಂದ ಬಂದವರು. 1560ರಲ್ಲಿ ಅಲ್ಲಿ ಆರಂಭವಾದ ಮತವಿಚಾರಣೆಯ ಕಾಟ, ಕ್ಷಾಮ, ರೋಗರುಜಿನ, ಯುದ್ಧಗಳು ಅವರನ್ನು ದಕ್ಷಿಣಕ್ಕೆ ಅಟ್ಟಿದವು. ಅದೇ ಕೊಂಕಣಿಯನ್ನಾಡುವ ಸಾರಸ್ವತರೂ ಅದೇ ದಾರಿಯಲ್ಲಿ ಬಂದಿದ್ದರು. ಕರಾವಳಿಯ ಪಟ್ಟಣಗಳಿಗೆ ಬೆಂಕಿಯಿಟ್ಟಿದ್ದ ಪೋರ್ಚುಗೀಸರ ಮತವನ್ನೇ ಅನುಸರಿಸುತ್ತಿದ್ದ ಈ ವಲಸೆಗಾರರನ್ನು ಇಲ್ಲಿನ ಅರಸರು ಶಂಕಿಸಬಹುದಾಗಿತ್ತು. ಆದರೆ ವೀರಶೈವರಾದ ಕೆಳದಿಯ ನಾಯಕರು ಅವರ ಬೇಸಾಯದ ಕೌಶಲವನ್ನು ಮೆಚ್ಚಿ ನೆಲೆಗೊಳಿಸಿದರು. ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲೇ, 1680ರಲ್ಲಿ, ಬಿಷಪ್ ತೋಮಸ್ ದೆ ಕಾಸ್ತ್ರೊ ಅವರು ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು ಕಟ್ಟಿಸಿದರು.

1784ರ ವಿಭೂತಿ ಬುಧವಾರ ನಮ್ಮ ಜನರಿಗೆ ಮರೆಯಲಾಗದ ದಿನ. ಆಂಗ್ಲರಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನನು ಸಹಸ್ರಾರು ಕುಟುಂಬಗಳನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಮಿಲಾಗ್ರಿಸ್ ಸಹಿತ ಅನೇಕ ಇಗರ್ಜಿಗಳು ನೆಲಸಮವಾದವು. ಆಗ ಮೂಡಬಿದಿರೆಯ ಬಳಿಯ ಹೊಸಪೇಟೆಯ ಪವಿತ್ರ ಶಿಲುಬೆಯ ದೇವಾಲಯವು ಉಳಿದದ್ದು ಜೈನ ಚೌಟ ಅರಸನ ವಿನಂತಿಯಿಂದ ಎಂದು ನಮ್ಮ ಚರಿತ್ರಕಾರರು ಬರೆದಿದ್ದಾರೆ. ಫರಂಗಿಪೇಟೆಯ ಮಠವನ್ನು ಉಳಿಸಿದ್ದು ವಂದನೀಯ ಜೊವಾಕಿಂ ಮಿರಾಂದ ಅವರಿಗೂ ಹೈದರಾಲಿಗೂ ಇದ್ದ ಸ್ನೇಹ ಎಂಬುದು ಪರಂಪರೆಯ ಮಾತು. ಸೆರೆಯಿಂದ ತಪ್ಪಿಸಿಕೊಂಡವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರನು ಆಶ್ರಯವಿತ್ತನು. 1792ರಲ್ಲಿ ವೀರರಾಜಪೇಟೆಯಲ್ಲಿ ಸಂತ ಅನ್ನಮ್ಮನವರ ದೇವಾಲಯ ತಲೆಯೆತ್ತಿತು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠವೊಂದಿದೆ. ಸೆರೆಯ ಸಂಕಟವನ್ನು ಮರೆಮಾಚುವುದು ಚರಿತ್ರೆಗೆ ಅಪಚಾರ. ಆದರೆ ಅರಸನೊಬ್ಬನ ಕೃತ್ಯದ ಹೊಣೆಯನ್ನು ಪಕ್ಕದ ಮನೆಯ ಮುಸಲ್ಮಾನ ಸೋದರನ ಮೇಲೆ ಹೊರಿಸುವುದು ನ್ಯಾಯಕ್ಕೆ ಅಪಚಾರ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತಮುತ್ತ ಪ್ರಾರ್ಥನಾಲಯಗಳ ಮೇಲೆ ದಾಳಿಗಳು ನಡೆದಾಗ ನಮ್ಮ ಮನಸ್ಸುಗಳು ನೊಂದವು. ಆ ನೋವು ನಿಜ. ಆದರೆ ಕೆಲವರ ದುಷ್ಕೃತ್ಯಕ್ಕೆ ಹಿಂದೂ ನೆರೆಯವರೆಲ್ಲರನ್ನೂ ಗುರಿಮಾಡುವುದು ಸಲ್ಲದು. ಪೋರ್ಚುಗೀಸರ ಅಪರಾಧವನ್ನು ನಮ್ಮ ಪೂರ್ವಜರ ತಲೆಗೆ ಕಟ್ಟದ ನಾಡು ಇದು. ನಮಗೆ ದೊರೆತ ಆ ನ್ಯಾಯವನ್ನು ನಾವೂ ಇತರರಿಗೆ ಸಲ್ಲಿಸಬೇಡವೇ?

ಋಣ ಸಂದಾಯದ ಯತ್ನವನ್ನು ನಮ್ಮ ಹಿರಿಯರು ಮಾಡಿದ್ದಾರೆ. 1880ರಲ್ಲಿ ತೆರೆದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಎಲ್ಲ ಮತಗಳ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಓದಿದರು. ಅದೇ ವರ್ಷ ವಂದನೀಯ ಆಗಸ್ಟಸ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಕೊಡಲಾರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದರು. ರೋಗಿಯ ಮತ ಯಾವುದೆಂದು ಅಲ್ಲಿ ಕೇಳುವವರಿರಲಿಲ್ಲ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಅನ್ಯಧರ್ಮಗಳ ಕುರಿತು ಗೌರವದ ಘೋಷಣೆ ಹೊರಡಿಸುವ ಮೊದಲೇ ನಮ್ಮ ಹಳ್ಳಿಗಳು ಆ ದಾರಿಯಲ್ಲಿ ನಡೆದಿದ್ದವು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಇಂದಿಗೂ ಎಲ್ಲ ಮತದವರೂ ಹರಕೆ ಹೊತ್ತು ಬರುತ್ತಾರೆ. ಬ್ರಹ್ಮಕಲಶೋತ್ಸವದ ಹೊರೆಕಾಣಿಕೆಗೆ ಇಗರ್ಜಿಯಿಂದ ಅಕ್ಕಿ, ತೆಂಗಿನಕಾಯಿ ಹೋಗುವ ಊರುಗಳೂ ನಮ್ಮಲ್ಲಿವೆ.

ಉಪ್ಪಿಕ್ಕಿದವರನ್ನು ಮುಪ್ಪಿನ ತನಕ ನೆನೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನೆರೆಯವನಾರೆಂಬ ಪ್ರಶ್ನೆಗೆ ಯೇಸುಸ್ವಾಮಿಯು ಅನ್ಯಜನಾಂಗದ ಸಮಾರಿತನನ್ನೇ ಮಾದರಿಯಾಗಿ ತೋರಿಸಿದರು. ಪ್ರಿಯ ಭಕ್ತಾದಿಗಳೇ, ಮೋಂತಿ ಹಬ್ಬದ ಹೊಸ ತೆನೆಯನ್ನು ಮನೆಗೊಯ್ಯುವಾಗ, ಕ್ರಿಸ್ತಜಯಂತಿಯ ಕುಸ್ವಾರ್ ಹಂಚುವಾಗ, ನೆರೆಮನೆಯ ಸಾವುನೋವಿನ ಸುದ್ದಿ ಕಿವಿಗೆ ಬಿದ್ದಾಗ ಈ ಋಣವನ್ನು ನೆನೆಯೋಣ. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ದೇವಾಲಯದ ಬಾಗಿಲು ನೆರೆಯವರಿಗೆ ಸದಾ ತೆರೆದಿರಲಿ. ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.